ಕಟ್ಟೆ ಕಂಡಲ್ಲಿ ಮಾತ್ರ ನಿಲ್ಲುವ ಬೈಕು

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಟೋಪಿ ಹಾಕಿಸಿಕೊಳ್ಳುವುದು ಸರಿಯಾಗಿ ವಿಚಾರಿಸದೇ ಇರುವುದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಲೆಕ್ಕ ತಪ್ಪುವ ಪ್ರಶ್ನೆಯೇ ಇಲ್ಲ! ಆದ್ದರಿಂದ ತರೀಕೆರೆಯಲ್ಲಿ ಒಂದು ಬೈಕು ಮಾರಾಟಕ್ಕಿದೆ ಎಂದು ತಿಳಿದ ಕೂಡಲೇ ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿಯೊಂದನ್ನು ತಯಾರಿಸಿ ಜೇಬಿನಲ್ಲಿಟ್ಟುಕೊಂಡೆ.

ಬೈಕೆಂದರೆ ಅಂತಿಂಥದ್ದಲ್ಲ. ಡಾಂಬರು ರಸ್ತೆಗೂ ಸೈ, ಕಲ್ಲುಮಣ್ಣಿನ ದಾರಿಗೂ ಸೈ ಎನ್ನುವ ಜಾತಿಯದು. ಮುಂದೆ ಕೊಕ್ಕಿನಂಥ ಮಡ್‌ಗಾರ್ಡು, ಉಬ್ಬು ಉಬ್ಬಾದ ಟೈರು, ಮೈಯೆಲ್ಲ ಕಬ್ಬಿಣದ ಸರಳು. ಇಂಥ ಗಾಡಿಗಳು ಗುಡ್ಡ ಹತ್ತುವ ವಿಡಿಯೋಗಳನ್ನು ನಾನು ಆರು ತಿಂಗಳಿಂದ ಶ್ರದ್ಧೆಯಿಂದ ನೋಡುತ್ತಿದ್ದೆ. ಪೂರ್ತಿ ದುಡ್ಡು ಕೊಡುವುದು ಕಷ್ಟವಾಗಿತ್ತು. ಅದಕ್ಕೂ ಲೆಕ್ಕ ಹಾಕಿದ್ದೆ. ಮನೆಯಲ್ಲಿದ್ದ ಸ್ಕೂಟರನ್ನು ಕೊಟ್ಟು, ಮೇಲೆ ಒಂದಿಷ್ಟು ಸೇರಿಸಿದರೆ ಗಾಡಿ ನಮ್ಮದು.

ಒಂದೇ ಒಂದು ಸಣ್ಣ ವಿಷಯ. ಸ್ಕೂಟರು ನನ್ನ ಹೆಂಡತಿ ಗಿರಿಜಾಳದ್ದು!

ಗಿರಿಜಾ ನಮ್ಮ ಅಜ್ಜಂಪುರದ ಸುತ್ತಿನ ಹಳ್ಳಿಗಳಿಗೆ ಸಿಸ್ಟರ್. ಪ್ರತಿ ಗುರುವಾರ ಲಸಿಕೆಯ ನೀಲಿ ಡಬ್ಬಿ ಕಾಲ ಹತ್ತಿರ ಇಟ್ಟುಕೊಂಡು, ಆ ಸ್ಕೂಟರಿನಲ್ಲೇ ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳಿಗೆ ಸೂಜಿ ಹಾಕಿ ಬರುತ್ತಾಳೆ. ಅವಳು ಹೋಗುವ ದಾರಿಗಳಿಗೆ ಬಸ್ಸೂ ಇಲ್ಲ, ಆಟೋದವರು ಬರುವುದೂ ಇಲ್ಲ. ಮಳೆ ಬಂದರೆ ಸ್ಕೂಟರು ಕೆಸರಿನಲ್ಲಿ ಹೂತುಕೊಳ್ಳುತ್ತದೆ ಎಂದು ಅವಳೇ ಗೊಣಗುತ್ತಿದ್ದಳು. ಇನ್ನು ಮೇಲೆ ನಾನೇ ಬೈಕಿನಲ್ಲಿ ಬಿಟ್ಟು ಬರಬಹುದಲ್ಲ! ಎಂಥ ಉದಾತ್ತ ಯೋಚನೆ ನೋಡಿ. ಇಂಥ ಒಳ್ಳೆಯ ವಿಷಯಕ್ಕೆ ಅವಳನ್ನು ಕೇಳಿ ತೊಂದರೆ ಕೊಡುವುದೇಕೆಂದು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ‘ಸ್ಕೂಟರು ಸರ್ವೀಸಿಗೆ ಬಿಟ್ಟು ಬತ್ತೀನಿ’ ಎಂದು ಸುಳ್ಳು ಹೇಳಿ ಹೊರಟೆ.

ಮಾರುವವನು ಪ್ರಸನ್ನ ಎಂಬಾತ. ತರೀಕೆರೆಯ ಹಳೇ ಬೀದಿಯಲ್ಲಿ ಎತ್ತರದ ಜಗಲಿಯಿದ್ದ ಮನೆ. ಆತ ಬಾಗಿಲಿಗೆ ಬಂದಾಗ ತಲೆ ಬಗ್ಗಿಸಿಯೇ ಹೊರಬಂದ. ಆರಡಿ ಮೀರಿದ ಆಳು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬೈಕನ್ನು ಜಗಲಿಗೆ ಒತ್ತಿಯೇ ನಿಲ್ಲಿಸಿದ್ದರು. ನಾನು ಪಟ್ಟಿ ತೆಗೆದು ಒಂದೊಂದೇ ಪ್ರಶ್ನೆ ಕೇಳಿದೆ. ಎಲ್ಲದಕ್ಕೂ ತೃಪ್ತಿಕರ ಉತ್ತರ ಬಂತು. ಜಗಲಿಯಿಂದಲೇ ಕಾಲು ಹಾಕಿ ಸೀಟಿನ ಮೇಲೆ ಕೂತು ನೋಡಿದೆ. ಅಂಬಾರಿ ಮೇಲೆ ಕೂತ ಹಾಗಾಯಿತು.

“ಒಂದು ರೌಂಡ್ ಓಡ್ಸಿ ನೋಡ್ಲಾ?” ಎಂದೆ.

ಒಳಗಿನಿಂದ ಪ್ರಸನ್ನನ ತಾಯಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದರು. “ನಾಲ್ಕೂವರೆಗೆ ರಾಹುಕಾಲ ಕಣಪ್ಪಾ. ಓಡ್ಸಿ ನೋಡ್ಕಂಡು ಕೂತ್ರೆ ಟೈಮ್ ಮೀರ್ತದೆ. ಅಷ್ಟ್ರೊಳಗೆ ಗಾಡಿ ಮನೆ ಬಿಟ್ಬಿಡ್ಲಿ.”

ಗಂಟೆ ನಾಲ್ಕೂ ಹತ್ತು! ಅವರು ಸರಸರನೆ ಬೈಕಿಗೂ ನಮ್ಮ ಸ್ಕೂಟರಿಗೂ ಪೂಜೆ ಮಾಡಿ, ಎರಡರ ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಪ್ರಸನ್ನ ಕಾಗದಗಳನ್ನು ಕೈಗಿತ್ತು, “ಸ್ಕೂಟರ್ ಮೇಡಂ ಹೆಸ್ರಲ್ಲಿದೆ ಅಲ್ವಾ ಸರ್, ಈ ಫಾರಂಗೆ ಅವ್ರ ಸಹಿ ಹಾಕ್ಸಿ ಕಳ್ಸಿ ಸಾಕು” ಎಂದ. ನಾನು ಜಗಲಿಯಿಂದಲೇ ಬೈಕು ಏರಿದೆ. ನಿಂಬೆಹಣ್ಣು ಪಚಕ್ಕೆಂದಿತು. ನಾಲ್ಕು ಇಪ್ಪತ್ತೈದಕ್ಕೆ ಶುಭಮುಹೂರ್ತದಲ್ಲಿ ಬೀದಿಗೆ ಬಿದ್ದೆ. ಆಗಿನ್ನೂ ಗಾಡಿಯ ಮೇಲೇ ಇದ್ದೆ.

ಓಡುವ ಬೈಕಿನಲ್ಲಿ ಯಾವ ದೋಷವೂ ಇರಲಿಲ್ಲ. ಬೀದಿಯ ಕೊನೆಯಲ್ಲಿ ಹಸುವೊಂದು ಅಡ್ಡ ಬಂದಾಗ ಬ್ರೇಕು ಹಿಡಿದು ಕಾಲು ಕೆಳಗೆ ಬಿಟ್ಟೆ. ಕಾಲು ಕೆಳಗೆ ಹೋಯಿತು. ಇನ್ನೂ ಹೋಯಿತು. ನೆಲ ಮಾತ್ರ ಬರಲಿಲ್ಲ!

ಪುಣ್ಯಕ್ಕೆ ಹಸು ಸರಿಯಿತು, ಗಾಡಿ ಮುಂದಕ್ಕೆ ಹೋಯಿತು. ನನ್ನ ಎತ್ತರ ಐದಡಿ ಮೂರಂಗುಲ. ಗಿರಿಜಾ ನನಗಿಂತ ನಾಲ್ಕಂಗುಲ ಉದ್ದ. ಮದುವೆಯ ಫೋಟೋದಲ್ಲಿ ನಾವಿಬ್ಬರೂ ಸಮ ಕಾಣುತ್ತೇವೆ. ಪಂಚೆಯ ಅಂಚಿನ ಕೆಳಗೆ ಒಂದು ಮಣೆ ಇದೆ. ಇಷ್ಟು ವರ್ಷ ಗುಟ್ಟಾಗಿದ್ದ ಈ ಲೆಕ್ಕವನ್ನು ಬೈಕು ಒಂದೇ ಬೀದಿಯಲ್ಲಿ ಬಿಡಿಸಿಬಿಟ್ಟಿತ್ತು.

ಅಲ್ಲಿಂದ ಅಜ್ಜಂಪುರದವರೆಗೆ ನನ್ನ ಪ್ರಯಾಣ ಕಟ್ಟೆಯಿಂದ ಕಟ್ಟೆಗೆ. ಪೆಟ್ರೋಲ್ ಬಂಕಿನಲ್ಲಿ ಕಾಲೂರಲು ಜಾಗ ಹುಡುಕುತ್ತಾ ಎರಡು ಸುತ್ತು ಹಾಕಿದೆ. ಪೆಟ್ರೋಲ್ ಹಾಕುವ ಹೆಂಗಸು ಪೈಪು ಹಿಡಿದು ನಿಂತವಳು, “ಏನ್ ಸಾರ್, ಪ್ರದಕ್ಷಿಣೆ ಹಾಕ್ತಿದೀರಾ?” ಎಂದಳು. ಕೊನೆಗೆ ಪಂಪಿನ ಸಿಮೆಂಟ್ ಕಟ್ಟೆಗೆ ಎಡಗಾಲು ಕೊಟ್ಟು ನಿಂತೆ. ಮುಂದಿನ ಹಳ್ಳಿಯಲ್ಲಿ ಬೆವರು ಒರೆಸಿಕೊಳ್ಳಲು ಅರಳೀಕಟ್ಟೆಗೆ ಕಾಲು ಕೊಟ್ಟೆ. ಅಲ್ಲಿ ಕೂತಿದ್ದ ಹಿರಿಯರೊಬ್ಬರು ಸಂಭ್ರಮದಿಂದ ಜಾಗ ಮಾಡಿಕೊಟ್ಟರು.

“ಬನ್ನಿ ಮೇಷ್ಟ್ರೇ, ಇಳೀರಿ, ಕೂತ್ಕಳಿ.”

“ಇಲ್ಲ, ಅರ್ಜೆಂಟಿದೆ.”

ಇಳಿದರೆ ಮತ್ತೆ ಹತ್ತುವ ಧೈರ್ಯವಿಲ್ಲದ್ದರಿಂದ, ಅರ್ಜೆಂಟಿದೆ ಎನ್ನುತ್ತಲೇ ಹದಿನೈದು ನಿಮಿಷ ಗಾಡಿ ಮೇಲೆ ಕೂತು ಅವರೊಂದಿಗೆ ಮಳೆಬೆಳೆ ಮಾತಾಡಿದೆ.

ಊರು ಹತ್ತಿರವಾದಾಗ ರೈಲ್ವೆ ಗೇಟು ಹಾಕಿತ್ತು. ಅಲ್ಲಿ ಕಟ್ಟೆ ಇರಲಿಲ್ಲ. ಈರುಳ್ಳಿ ಮೂಟೆ ತುಂಬಿದ್ದ ಲಗೇಜ್ ಆಟೋ ಒಂದಿತ್ತು. ಅದನ್ನು ಹಿಡಿದು ನಿಲ್ಲೋಣವೆಂದು ಕೈ ಚಾಚಿದೆ. ಒಂದು ಗೇಣು ಸಾಲಲಿಲ್ಲ. ನಾನು ಬಿದ್ದದ್ದು ಬಹಳ ನಿಧಾನವಾಗಿ. ಲಂಬಕೋನ ಲಘುಕೋನವಾಗಿ, ಲಘುಕೋನ ಶೂನ್ಯವಾಗುವುದನ್ನು ಹತ್ತನೇ ಕ್ಲಾಸಿಗೆ ತೋರಿಸಬಹುದಾಗಿದ್ದಷ್ಟು ನಿಧಾನವಾಗಿ! ಆಟೋದವನೂ ಇನ್ನಿಬ್ಬರೂ ಸೇರಿ ಮೊದಲು ಬೈಕನ್ನು, ಆಮೇಲೆ ನನ್ನನ್ನು ಎತ್ತಿ, ಮತ್ತೆ ಗಾಡಿ ಮೇಲೆ ಕೂರಿಸಿದರು. ಆಟೋದವನು ನನ್ನ ಶಿಷ್ಯನೊಬ್ಬನ ತಂದೆ.

“ಗಾಡಿ ಚೆನ್ನಾಗದೆ ಮೇಷ್ಟ್ರೇ. ನಿಮ್ಗೆ ಕಾಲು ಸಾಲ್ತಿಲ್ಲ ಅಷ್ಟೆ” ಎಂದ. ಇಪ್ಪತ್ತೆರಡು ಪ್ರಶ್ನೆಗಳಲ್ಲಿ ನಾನು ಕಂಡುಹಿಡಿಯದ್ದನ್ನು ಅವನು ಒಂದೇ ನೋಟದಲ್ಲಿ ಕಂಡುಹಿಡಿದ.

ನಮ್ಮ ಮನೆ ಮುಂದೆ ಜಗಲಿ ಇಲ್ಲ. ಕಟ್ಟಿಸುವಾಗ ಗಿರಿಜಾ ಬೇಕೆಂದಿದ್ದಳು. ಹಳೇ ಕಾಲದ ಪದ್ಧತಿ ಎಂದು ನಾನೇ ಬೇಡವೆಂದಿದ್ದೆ. ನಮ್ಮ ರಸ್ತೆ ಬಳಸಿಕೊಂಡು ಮತ್ತೆ ನಮ್ಮ ಮನೆ ಮುಂದಕ್ಕೇ ಬರುತ್ತದೆ. ಹಾಗಾಗಿ ಸಂಸಾರದ ಆ ಮಹತ್ವದ ಸಂಭಾಷಣೆ ಕಂತು ಕಂತಾಗಿ ನಡೆಯಿತು.

ಮೊದಲ ಸುತ್ತಿನಲ್ಲಿ ನಾನು: “ಗಿರಿಜಾ, ನೋಡೇ, ಹೊಸ ಗಾಡಿ!”

ಎರಡನೇ ಸುತ್ತಿನಲ್ಲಿ ಅವಳು: “ರೀ, ನನ್ನ ಸ್ಕೂಟರೆಲ್ಲಿ?”

ಮೂರನೇ ಸುತ್ತು: “ಕೊಟ್ಟೆ!”

ನಾಲ್ಕನೇ ಸುತ್ತು: “ಯಾರಿಗ್ರೀ? ನಿಲ್ಲಿಸ್ರೀ ಮೊದ್ಲು!”

“ನಿಲ್ಲಿಸೋಕಾಗ್ತಿಲ್ಲ ಕಣೇ!”

ಐದನೇ ಸುತ್ತಿಗೆ ಬರುವಷ್ಟರಲ್ಲಿ ಪಕ್ಕದ ಮನೆಯವರೆಲ್ಲ ಗೇಟಿಗೆ ಬಂದಿದ್ದರು. ಗಿರಿಜಾ ಒಳಗಿನಿಂದ ಮಣೆ ತಂದು ರಸ್ತೆಯಲ್ಲಿಟ್ಟಿದ್ದಳು. ಅದೇ ಮದುವೆ ಮಣೆ! ಅದರ ಮೇಲೆ ಕಾಲೂರಿ, ಎರಡನೇ ಸಲ ಅದರ ಋಣಕ್ಕೆ ಬಿದ್ದು, ಇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಗುರುವಾರ ನಾನು ಹೆಂಗ್ರೀ ಹೋಗ್ಲಿ? ಅಲ್ಲಿ ಮಕ್ಕಳನ್ನ ಎತ್ಕೊಂಡು ತಾಯಂದ್ರು ಕಾಯ್ತಾ ಕೂತಿರ್ತಾರೆ” ಎಂದಳು. ಆಗ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕೂಡಲೇ ಪ್ರಸನ್ನನಿಗೆ ಫೋನು ಮಾಡಿದೆ. “ಪೂಜೆ ಮಾಡಿ ಕಳ್ಸಿದ್ದನ್ನ ವಾಪಸ್ ತಗೋಬಾರ್ದು ಅಂತಾರೆ ಸಾರ್ ಅಮ್ಮ” ಎಂದ. ಇನ್ನೇನು ಮಾಡುವುದು, ಗುರುವಾರ ಅರ್ಧ ದಿನ ರಜೆ ಹಾಕಿ ನಾನೇ ಬಿಡುತ್ತೇನೆಂದು ಮಾತು ಕೊಟ್ಟೆ.

ಗುರುವಾರ ಬೆಳಿಗ್ಗೆ ನೀರಿನ ತೊಟ್ಟಿಯ ಕಟ್ಟೆಯಿಂದ ಬೈಕು ಏರಿದೆ. ಗಿರಿಜಾ ಹಿಂದೆ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ರಸ್ತೆಯ ತಿರುವಿನಲ್ಲಿ ಶಾಲೆಯ ವ್ಯಾನು ಎದುರಾಯಿತು. ಬ್ರೇಕು ಹಿಡಿದೆ. ಗಾಡಿ ಎಡಕ್ಕೆ ವಾಲತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ. ವಾಲಿದ್ದು ನಡುವೆಯೇ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಗಿರಿಜಾ ಹಿಂದಿನಿಂದಲೇ ಒಂದು ಕಾಲನ್ನು ನೆಲಕ್ಕೆ ಊರಿ ಬೈಕು, ಗಂಡ, ಲಸಿಕೆ ಮೂರನ್ನೂ ತಡೆದಿದ್ದಳು.

“ರೀ, ಇಳೀರಿ.”

“ಯಾಕೆ?”

“ಡಬ್ಬಿ ಹಿಡ್ಕೊಂಡು ಹಿಂದೆ ಕೂತ್ಕೊಳ್ರಿ.”

ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಮುಂದೆ ಕೂತಳು. ಎರಡು ಪಾದವೂ ನೆಲಕ್ಕೆ ತಾಗಿದ್ದವು! ಕ್ಲಚ್ಚು ಹಿಡಿದು, ಗೇರು ಹಾಕಿ, ಒಂದಿಷ್ಟೂ ಜಗ್ಗಾಡಿಸದೆ ಗಾಡಿ ಬಿಟ್ಟಳು.

“ನಿಂಗೆ ಗೇರ್ ಗಾಡಿ ಬರುತ್ತೇನೇ?”

“ಮದುವೆಗೆ ಮುಂಚೆ ಕಡೂರಲ್ಲಿ ಅಪ್ಪನ ಗಾಡೀಲಿ ತೆಂಗಿನಕಾಯಿ ಚೀಲ ಹಾಕ್ಕೊಂಡು ಮಂಡಿಗೆ ಹೋಗ್ತಿದ್ದೋಳು ನಾನೇ.”

“ನಂಗೆ ಹೇಳೇ ಇಲ್ವಲ್ಲೇ!”

“ನೀವ್ ಯಾವತ್ತು ಕೇಳಿದ್ರಿ? ಸ್ಕೂಟರ್ ಕೊಡೋವಾಗ್ಲೂ ಕೇಳ್ಲಿಲ್ಲ.”

ಮುಂದೆ ಕಲ್ಲುದಾರಿ ಬಂತು, ಕೆಸರು ಬಂತು, ಹಳ್ಳ ಬಂತು. ಬೈಕು ವಿಡಿಯೋದಲ್ಲಿ ತೋರಿಸಿದ ಹಾಗೆಯೇ ಎಲ್ಲವನ್ನೂ ದಾಟಿತು. ಅದು ನಿಜಕ್ಕೂ ಒಳ್ಳೆಯ ಗಾಡಿ. ನಾನು ಡಬ್ಬಿ ಅಪ್ಪಿಕೊಂಡು ಕೂತಿದ್ದೆ.

ಸಂಜೆ ಆ ಸಹಿಯ ಫಾರಂ ಅವಳ ಮುಂದಿಟ್ಟೆ. “ನನ್ನ ಗಾಡಿ ಕೊಟ್ಟು ತಂದಿದ್ದು ನನ್ನ ಗಾಡೀನೇ ತಾನೇ? ಇದನ್ನೂ ನನ್ನ ಹೆಸ್ರಿಗೆ ಮಾಡ್ಸಿ, ಆಮೇಲೆ ಸಹಿ” ಎಂದಳು. ಗಣಿತದ ಮೇಷ್ಟ್ರಾಗಿ ನನಗೆ ಆ ತರ್ಕದಲ್ಲಿ ತಪ್ಪು ಸಿಗಲಿಲ್ಲ. ಮಾಡಿಸಿದೆ.

ಈಗ ದಿನಾ ಬೆಳಿಗ್ಗೆ ಅವಳೇ ನನ್ನನ್ನು ಶಾಲೆಗೆ ಬಿಡುತ್ತಾಳೆ. ಹಿಂದಿನ ಸೀಟು ಮುಂದಿನದಕ್ಕಿಂತಲೂ ಎತ್ತರ. ಆದ್ದರಿಂದ ಧ್ವಜಸ್ತಂಭದ ಕಟ್ಟೆಗೆ ಒತ್ತಿ ಗಾಡಿ ನಿಲ್ಲಿಸುತ್ತಾಳೆ. ಮಕ್ಕಳು ಓಡಿಬಂದು ಮೊದಲು ಅವಳಿಗೆ, ಆಮೇಲೆ ನೆನಪಾದರೆ ನನಗೆ ನಮಸ್ಕಾರ ಹೇಳುತ್ತಾರೆ. “ಸಾಯಂಕಾಲ ಬಸ್ಸಿಗೆ ಬನ್ರೀ, ನಂಗೆ ಲೇಟಾಗುತ್ತೆ” ಎಂದು ಅವಳು ಧೂಳೆಬ್ಬಿಸಿ ಹೋಗುತ್ತಾಳೆ.

ಬಸ್ಸಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಕೆಳಗಿನ ಮೆಟ್ಟಿಲು ಸರಿಯಾಗಿ ನನ್ನ ಅಳತೆಗೇ ಇದೆ.