ಬಾನೆಟ್ ಮೇಲೆ ಹಸಿರು ಬಳೆ

ನಮ್ಮ ಸೋದರಮಾವ ಇದುವರೆಗೆ ಕಡಿಮೆಯೆಂದರೂ ಮುನ್ನೂರು ಕಾರುಗಳ ಮುಂದೆ ಮಂಡಿಯೂರಿದ್ದಾರೆ. ಬಾನೆಟ್ಟಿಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದ್ದಾರೆ. ಚಕ್ರಗಳ ಎದುರು ಬರೀ ನೆಲದ ಮೇಲೆ ಉದ್ದಕ್ಕೆ ಮಲಗಿದ್ದಾರೆ. ಆದರೆ ಅವುಗಳಲ್ಲಿ ಒಂದರಲ್ಲಾದರೂ ಕುಳಿತು ಎಲ್ಲಿಗಾದರೂ ಹೋಗಿದ್ದಾರೆಯೇ ಎಂದು ಕೇಳಿ! ಇಲ್ಲ. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಒಳಗೆ ಕುಳಿತರೆ ಹೊಟ್ಟೆ ತೊಳಸುತ್ತದೆ. ಮದುವೆ, ಗೃಹಪ್ರವೇಶಗಳಿಗೆ ನಾವೆಲ್ಲ ಕಾರಿನಲ್ಲಿ ಹೋದರೆ ಮಾವ ತಮ್ಮ ಹಳೆಯ ಸ್ಕೂಟರಿನಲ್ಲಿ ಹಿಂದಿನಿಂದ ಬರುತ್ತಾರೆ.

ಮಾವ ಕಾರುಗಳ ಫೋಟೋ ತೆಗೆಯುತ್ತಾರೆ. ಅದರಲ್ಲೇನಿದೆ, ಫೋನ್ ಇದ್ದವರೆಲ್ಲ ತೆಗೆಯುತ್ತಾರಲ್ಲ ಎಂದು ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ, ಆದರೆ ಅವರ ಎದುರಿಗೆ ಅನ್ನಬೇಡಿ! ನಾನು ಒಮ್ಮೆ ಅಂದಿದ್ದೆ. ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಗುವವರೆಗೂ ಪಾಠ ನಡೆಯಿತು.

"ಕಾರು ಅಂದ್ರೆ ಏನು ಗೊತ್ತೇನೇ? ಡೊಂಕು ಕನ್ನಡಿ! ನಾಲ್ಕು ಚಕ್ರದ ಮೇಲೆ ನಿಂತಿರೋ ಡೊಂಕು ಕನ್ನಡಿ. ನಿನ್ನ ಫೋನಲ್ಲಿ ತೆಗೆದ್ರೆ ಕಾರು ಬರಲ್ಲ, ಎದುರುಮನೆ ನೀರಿನ ಟ್ಯಾಂಕ್ ಬರುತ್ತೆ."

ಮೂವತ್ತು ವರ್ಷ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಮಸೂರ, ಪ್ರಿಸಮ್ಮುಗಳನ್ನು ಒರೆಸಿ ಒರೆಸಿ ಇಟ್ಟವರು ನಿವೃತ್ತರಾದ ಮೇಲೆ ಸುಮ್ಮನೆ ಇರಲು ಸಾಧ್ಯವೇ? ಅವರ ಕ್ರಮ ಹೀಗೆ. ಸೂರ್ಯ ಮುಳುಗಿ ಆಕಾಶ ಇನ್ನೂ ತಿಳಿನೀಲಿ ಇರುವಾಗ ಕಾರನ್ನು ಒಂದು ಖಾಲಿ ಸೈಟಿನಲ್ಲಿ ನಿಲ್ಲಿಸಬೇಕು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಗಿಯಬೇಕು. ಆಮೇಲೆ ಕಾರೂ ಅಲ್ಲಾಡಬಾರದು, ಕ್ಯಾಮೆರಾವೂ ಅಲ್ಲಾಡಬಾರದು. ಇರುವುದು ಒಂದೇ ಒಂದು ಫ್ಲ್ಯಾಶ್ ದೀಪ. ಅದನ್ನು ಮುಂದಿನ ಚಕ್ರದ ಹತ್ತಿರ ಹಿಡಿದು ಒಂದು ಫೋಟೋ, ಬಾಗಿಲ ಹತ್ತಿರ ಹಿಡಿದು ಇನ್ನೊಂದು, ಮೇಲ್ಛಾವಣಿಗೆ ಹಿಡಿದು ಮತ್ತೊಂದು. ಹೀಗೆ ಮೂವತ್ತು ಫೋಟೋ. ಒಂದೊಂದರಲ್ಲಿ ಒಂದೊಂದು ಜಾಗ ಮಾತ್ರ ಹೊಳೆಯುತ್ತಿರುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಅವನ್ನೆಲ್ಲ ಪದರ ಪದರವಾಗಿ ಜೋಡಿಸಿ, ಹೊಳಪನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸುತ್ತಾರೆ. ಮೂವತ್ತು ದೀಪಗಳ ನಡುವೆ ನಿಂತಂತೆ ಒಂದು ಕಾರು ಎದ್ದು ಬರುತ್ತದೆ. ನೋಡಿದರೆ ನಿಮಗೂ ಕೊಳ್ಳಬೇಕೆನಿಸುತ್ತದೆ.

"ಮೂವತ್ತು ದೀಪ ಯಾಕೆ ಬೇಕು? ಒಂದೇ ದೀಪಾನ ಮೂವತ್ತು ಸಲ ನಡೆಸಿದ್ರೆ ಆಯ್ತು" ಎಂಬುದು ಮಾವನ ಸಿದ್ಧಾಂತ.

ದೀಪಕ್ಕೆ ಕಾಲಿದೆಯೇ ನಡೆಯಲು? ಅದನ್ನು ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುವವರು ನಮ್ಮ ಅತ್ತೆ.

ಚಂದ್ರಾ ಲೇಔಟಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅತ್ತೆ ಹೊಲಿಗೆ ಕ್ಲಾಸ್ ನಡೆಸುತ್ತಾರೆ. ಜೇಡರ ಬಲೆ ತೆಗೆಯುವ ಉದ್ದ ಕೋಲಿನ ತುದಿಗೆ ಫ್ಲ್ಯಾಶ್ ಕಟ್ಟಿದವರು ಅವರೇ. ಬೆಳಕು ಮೆತ್ತಗೆ ಬೀಳಲಿ ಎಂದು ಅದಕ್ಕೆ ಮಾವನ ಬಿಳಿ ಪಂಚೆಯನ್ನು ಕತ್ತರಿಸಿ ಗೌಸು ಹೊಲಿದುಕೊಟ್ಟವರೂ ಅವರೇ. ಸಂಜೆಯಾದರೆ ಸ್ಕೂಟರಿನಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ, ಕೈಯಲ್ಲಿ ನೆಟ್ಟಗೆ ಹಿಡಿದ ಕೋಲು, ಅದರ ತುದಿಯಲ್ಲಿ ಬಿಳಿ ಬಟ್ಟೆ. ವಿಜಯನಗರದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಇವರನ್ನು ನಿಲ್ಲಿಸಿ ಬಹಳ ಮರ್ಯಾದೆಯಿಂದ ಕೇಳಿದರಂತೆ: "ಯಾವ ಪಾರ್ಟಿ ಸಾರ್ ಇದು?"

ಪಕ್ಕದ ಬೀದಿಯ ಆಂಟಿಯ ಕಥೆ ಇನ್ನೊಂದು. ಅವರ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಮಾವ ಕೆಲಸ ಶುರು ಮಾಡಿದಾಗಲೆಲ್ಲ ಆಂಟಿ ಮಿಂಚು ಬಂತೆಂದು ಮಹಡಿಗೆ ಓಡಿ ಒಗೆದ ಬಟ್ಟೆಗಳನ್ನು ಎಳೆದುಕೊಂಡು ಇಳಿಯುತ್ತಿದ್ದರು. ನಾಲ್ಕನೆಯ ಸಲ ವಿಷಯ ಗೊತ್ತಾಗಿ ಮೇಲಿನಿಂದಲೇ ಕೂಗಿದರು. "ಸಾರ್, ನೀವು ಗುಡುಗೂ ಮಾಡ್ಬಿಡಿ, ಅದೊಂದು ಯಾಕೆ ಬಾಕಿ!"

ಇಷ್ಟೆಲ್ಲ ಕಷ್ಟಪಡುವ ಅತ್ತೆಗೆ ಇದ್ದದ್ದು ಒಂದೇ ಆಸೆ. ಗಂಡ ತನ್ನದೂ ಒಂದು ಒಳ್ಳೆಯ ಫೋಟೋ ತೆಗೆಯಬೇಕು. ಮದುವೆಯ ಆಲ್ಬಮ್ಮಿನಲ್ಲಿ ಅತ್ತೆಯ ಕಣ್ಣುಗಳು ಮುಚ್ಚಿಯೇ ಇವೆ, ಫ್ಲ್ಯಾಶ್ ಎಂದರೆ ಆಗ ಅಷ್ಟು ಭಯವಂತೆ. ಈಗಲೂ ಕ್ಯಾಮೆರಾ ತೋರಿಸಿದರೆ ಬ್ಯಾಂಕಿನಲ್ಲಿ ಸಹಿ ಹಾಕುವವರ ಹಾಗೆ ಮುಖ ಬಿಗಿದುಕೊಳ್ಳುತ್ತಾರೆ.

"ಊರಿನ ಕಾರಿಗೆಲ್ಲ ಮೂವತ್ತು ಮೂವತ್ತು ಫೋಟೋ ತೆಗೀತೀರಿ, ನಂದೊಂದು ತೆಗೀರಿ ಅಂದ್ರೆ ಬ್ಯಾಟರಿ ಮುಗೀತು ಅಂತೀರಿ."

"ನೀನು ಅಲ್ಲಾಡ್ತೀಯ ಕಣೇ. ಕಾರು ಅಲ್ಲಾಡಲ್ಲ."

ಇದನ್ನು ಮಾವ ತಮಾಷೆಗೆ ಹೇಳುತ್ತಿರಲಿಲ್ಲ. ಅವರ ಮಟ್ಟಿಗೆ ಅದು ಶಾಸ್ತ್ರೀಯ ಸಮಸ್ಯೆ!

ಅಲ್ಲಾಡದ ಕಾರೂ ಕೈಕೊಟ್ಟ ದಿನವಿದೆ. ಬಸವೇಶ್ವರನಗರದಲ್ಲಿ ಒಬ್ಬರು ಅಧಿಕಾರಿ ಹೊಸ ಕಾರು ತಂದು ಮಾವನನ್ನು ಕರೆಸಿದ್ದರು. ಹದಿನಾಲ್ಕು ಫೋಟೋ ಮುಗಿದಿತ್ತು. ಹದಿನೈದನೆಯದಕ್ಕೆ ಮಾವ ಕ್ಯಾಮೆರಾದ ಪರದೆಯ ಮೇಲೆ ಬಗ್ಗಿದ್ದಾಗ ಅಧಿಕಾರಿಯ ತಾಯಿ ಸದ್ದಿಲ್ಲದೆ ಬಂದು ಬಾನೆಟ್ಟಿಗೆ ಅಂಗೈಯಗಲ ಮೂರು ಪಟ್ಟೆ ವಿಭೂತಿ ಎಳೆದು ಕೈಮುಗಿದು ನಿಂತರು. ಹದಿನಾಲ್ಕು ಫೋಟೋಗಳಲ್ಲಿ ಬೋಳು ಬಾನೆಟ್ಟು, ಹದಿನೈದರಿಂದ ಪರಮಭಕ್ತ ಬಾನೆಟ್ಟು! ಎರಡನ್ನೂ ಒಂದು ಫೋಟೋದಲ್ಲಿ ಹೇಗೆ ಜೋಡಿಸುವುದು?

"ಅಜ್ಜಿ, ಸ್ವಲ್ಪ ಒರೆಸ್ಬಹುದಾ?" ಎಂದು ಮಾವ ಕೇಳಿಯೇಬಿಟ್ಟರು.

"ವಿಭೂತಿ ಒರೆಸ್ತೀಯೇನಪ್ಪಾ? ದೇವರು ದಿಂಡರು ಅನ್ನೋದು ನಿನಗೆ ಇಲ್ಲೇನು?"

ಸೈಟಿನಲ್ಲಿ ಇದ್ದವರೆಲ್ಲ ಮಾವನನ್ನು ನಾಸ್ತಿಕನನ್ನು ನೋಡುವಂತೆ ನೋಡಿದರು. ಪರಿಸ್ಥಿತಿ ಉಳಿಸಿದವರು ಅತ್ತೆ. "ಅಜ್ಜಿ, ಇವರ ಹಣೆಗೂ ಒಂದಿಷ್ಟು ಹಚ್ಚಿ. ಬುದ್ಧಿ ಬರ್ಲಿ" ಎಂದರು. ಅಜ್ಜಿ ಹಚ್ಚಿದರು. ಮಾವ ಹಣೆಯ ತುಂಬ ವಿಭೂತಿಯೊಂದಿಗೆ ಮತ್ತೆ ಮೊದಲನೆಯ ಫೋಟೋದಿಂದ ಆರಂಭಿಸಿದರು. ಅಷ್ಟರಲ್ಲಿ ಆಕಾಶದ ನೀಲಿ ಹೋಗಿತ್ತು, ಮಾರನೆಯ ಸಂಜೆ ಇನ್ನೊಮ್ಮೆ ಹೋಗಬೇಕಾಯಿತು. ಈಗ ಯಾರಾದರೂ ಫೋನ್ ಮಾಡಿದರೆ ಮಾವ ಕಾರಿನ ಬಣ್ಣ ಕೇಳುವ ಮುಂಚೆ "ಪೂಜೆ ಆಗಿದೆಯಾ?" ಎಂದು ಕೇಳುತ್ತಾರೆ.

ಇನ್ನು ಹೇರೋಹಳ್ಳಿಯ ಪ್ರಸಂಗಕ್ಕೆ ಬರುತ್ತೇನೆ. ಅಲ್ಲಿ ಹಳೆಯ ಕಾರು ಮಾರುವ ಒಬ್ಬರಿದ್ದಾರೆ. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಶೆಡ್ಡು ಹಾಕಿ ಕಾರು ನಿಲ್ಲಿಸಿದ್ದಾರೆ. ಶೆಡ್ಡಿನ ಎದುರಿಗೆ ಗೋಡೆಯಗಲದ ಫ್ಲೆಕ್ಸ್ ಹಾಕಲು ಒಂದು ಕೆಂಪು ಕಾರಿನ ಫೋಟೋ ಬೇಕೆಂದರು. ಮಾವ ಪಕ್ಕದ ಬಯಲಿನಲ್ಲಿ ಇಪ್ಪತ್ತಾರು ಫೋಟೋ ತೆಗೆದರು, ನಾಲ್ಕು ದಿನ ಕುಳಿತು ಜೋಡಿಸಿದರು. ಪ್ರತಿ ಫೋಟೋದಲ್ಲೂ ದೀಪ ಹಿಡಿದ ಅತ್ತೆ ಇರುತ್ತಾರಲ್ಲ, ಅವರನ್ನು ಒಂದೊಂದರಿಂದಲೂ ಅಳಿಸಬೇಕು. ಇಪ್ಪತ್ತೈದರಲ್ಲಿ ಅಳಿಸಿದರು. ಒಂದರಲ್ಲಿ ಸ್ವಲ್ಪ ಉಳಿದುಹೋಯಿತು.

ಉಳಿದದ್ದು ಕೈ! ಬಾನೆಟ್ಟಿಗೆ ಬೆಳಕು ಬಿಡಲು ಕಾರಿನ ಆಚೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ ಅತ್ತೆ, ಆಯ ತಪ್ಪಬಾರದೆಂದು ಒಂದು ಕೈಯನ್ನು ಬಾನೆಟ್ ಮೇಲೆ ಊರಿದ್ದರು. ಮೈ ಇಲ್ಲ, ಮುಖ ಇಲ್ಲ, ನಾಲ್ಕು ಹಸಿರು ಬಳೆ ತೊಟ್ಟ ಕೈ ಮಾತ್ರ ಕೆಂಪು ಕಾರನ್ನು ನೇವರಿಸುತ್ತಿರುವಂತೆ. ಫ್ಲೆಕ್ಸಿನಲ್ಲಿ ಅದು ಬಾಗಿಲಿನಷ್ಟು ದೊಡ್ಡದಾಗಿತ್ತು.

ಮಾವ ನೋಡಿ ಕುಸಿದರು. ವ್ಯಾಪಾರಿ ಮಾತ್ರ ಕುಣಿಯುತ್ತಿದ್ದರು.

"ಇರ್ಲಿ ಬಿಡಿ ಮೇಷ್ಟ್ರೇ! ಜನ ನಿಂತ್ಕೊಂಡು ನೋಡ್ತಾವ್ರೆ. ಲಕ್ಷ್ಮೀ ಕೈ ಅಂತ ಹೇಳ್ತಾ ಇದೀನಿ ನಾನು. ಆ ಕಾರೇ ಬೇಕು ಅಂತ ಒಬ್ರು ಹಠ ಹಿಡಿದವ್ರೆ!"

ಅತ್ತೆಯಂತೂ ಆ ಫ್ಲೆಕ್ಸನ್ನು ಮೂರು ಸಲ ನೋಡಿಬಂದರು. ಮೊದಲು ತಂಗಿಯ ಜೊತೆ, ಆಮೇಲೆ ಹೊಲಿಗೆ ಕ್ಲಾಸಿನ ಹುಡುಗಿಯರ ಜೊತೆ, ಕೊನೆಗೆ ನನ್ನನ್ನು ಕರೆದುಕೊಂಡು. ಹೊಂಡ ಬಿದ್ದ ಆ ರಸ್ತೆಯ ಅಂಚಿನಲ್ಲಿ ನಿಂತು, ತಮ್ಮ ಕೈಯನ್ನು ಎತ್ತಿ ಫ್ಲೆಕ್ಸಿನ ಕೈಯ ಜೊತೆ ಹೋಲಿಸಿ ನೋಡಿದರು.

"ಚೆನ್ನಾಗಿ ಬಂದಿದೆ ಅಲ್ವೇನೇ? ಬೆರಳೆಲ್ಲ ಎಷ್ಟು ಸ್ಪಷ್ಟ ನೋಡು. ಸೂಜಿ ಚುಚ್ಚಿದ ಗುರುತೂ ಕಾಣುತ್ತೆ."

ನಾನು ನಕ್ಕೆ. ನಗಬಾರದಿತ್ತು. ಗಂಡನ ಫೋಟೋದಲ್ಲಿ ಅತ್ತೆ ಅಳಿಸಿಹೋಗದೆ ಕಾಣಿಸಿಕೊಂಡ ಮೊದಲ ಸಲ ಅದು ಎಂಬುದು ನನಗೆ ಹೊಳೆಯಲೇ ಇಲ್ಲ.

ಮಾವನಿಗೆ ಅದು ಹೊಳೆಯುವುದಾದರೂ ಹೇಗೆ? ಅವರಿಗೆ ಕಂಡದ್ದು ತಪ್ಪು ಮಾತ್ರ. ಎರಡು ದಿನ ಊಟದ ಮೇಲೂ ಗಮನವಿಲ್ಲದೆ ಕುಳಿತು ಕೈಯನ್ನು ಅಳಿಸಿದರು, ಅದರ ಕೆಳಗಿನ ಕೆಂಪು ಬಣ್ಣವನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ತುಂಬಿದರು. ಹೊಸ ಫ್ಲೆಕ್ಸ್ ಮಾಡಿಸಿ ಹಾಕಿಸಿದರು. ಅಷ್ಟಕ್ಕೇ ನಿಲ್ಲಿಸಬಾರದೇ? ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಅದರ ಮುಂದೆ ನಿಲ್ಲಿಸಿ, ಎದೆಯುಬ್ಬಿಸಿ ಹೇಳಿದರು:

"ನೋಡು! ಈಗ ನೀನು ಅಲ್ಲಿ ಇದ್ದೆ ಅಂತ ಯಾರಿಗೂ ಗೊತ್ತೇ ಆಗಲ್ಲ!"

ಅತ್ತೆ ಸ್ಕೂಟರ್ ಹತ್ತದೆ ಬಸ್ಸಿನಲ್ಲಿ ಮನೆಗೆ ಬಂದರು. ಮಾರನೆಯ ದಿನ ಕೋಲಿನಿಂದ ಫ್ಲ್ಯಾಶ್ ಬಿಚ್ಚಿ ಮೇಜಿನ ಮೇಲಿಟ್ಟು, ಕೋಲನ್ನು ಜೇಡರ ಬಲೆ ತೆಗೆಯಲು ಒಯ್ದರು.

"ಇನ್ಮೇಲೆ ದೀಪ ಬೇರೆ ಯಾರಾದ್ರೂ ಹಿಡೀಲಿ. ಅಳಿಸೋಕೆ ನನ್ನ ಮುಖಾನೇ ಯಾಕೆ ಬೇಕು?"

ಆ ಬೇರೆ ಯಾರಾದರೂ ಎಂದರೆ ನಾನು! ಕೆಂಗೇರಿಯಲ್ಲಿ ಡಾಕ್ಟರೊಬ್ಬರು ತಮ್ಮ ತಂದೆಯ ಕಾಲದ ಕಾರನ್ನು ರಿಪೇರಿ ಮಾಡಿಸಿ ಬಣ್ಣ ಹಾಕಿಸಿದ್ದರು. ಹೊಸದೊಂದು ಕೋಲು ಹಿಡಿದು ನಾನು ನಿಂತೆ. "ಮೇಲೆ." ಎತ್ತಿದೆ. "ಅಯ್ಯೋ, ಅಷ್ಟಲ್ಲ." ಇಳಿಸಿದೆ. "ಓರೆ ಮಾಡು. ಆ ಕಡೆ ಅಲ್ಲ, ಈ ಕಡೆ. ಈ ಕಡೆ ಅಂದ್ರೆ ನನ್ನ ಈ ಕಡೆ!" ಅತ್ತೆ ಇದ್ದಾಗ ಮಾವ ಇಷ್ಟೆಲ್ಲ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬರೀ "ಹೂಂ" ಅನ್ನುತ್ತಿದ್ದರು, ಅತ್ತೆ ದೀಪವನ್ನು ಒಂದು ಗೇಣು ಸರಿಸುತ್ತಿದ್ದರು. ಇನ್ನೊಂದು "ಹೂಂ", ಎರಡು ಬೆರಳು ಕೆಳಗೆ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವ ಕೈಗೆ ಅಳತೆ ಹೇಳಿಕೊಡಬೇಕೇ?

ಮರುದಿನ ಬೆಳಿಗ್ಗೆ ಮಾವನ ಮನೆಯ ಕಂಪ್ಯೂಟರಿನಲ್ಲಿ ಫಲಿತಾಂಶ ನೋಡಲು ಹೋದೆ. ಡಾಕ್ಟರ ಕಾರು ಒಂದೊಂದು ಕಡೆ ಒಂದೊಂದು ಬಣ್ಣಕ್ಕೆ ತಿರುಗಿ, ಕೊಳೆತ ಸೀಬೆಹಣ್ಣಿನ ಹಾಗೆ ಕಾಣುತ್ತಿತ್ತು. ಮಾವ ನನ್ನನ್ನು ಅಳಿಸುತ್ತಿದ್ದರು. ಟಕ್, ಟಕ್, ನಲವತ್ತು ಸಲ ನಾನು ಯಾವ ಮುಲಾಜೂ ಇಲ್ಲದೆ ಮಾಯವಾದೆ. ಬೇಜಾರೇ ಆಯಿತು.

ಆಗ ಪರದೆಯ ಮೂಲೆಯಲ್ಲಿ 'ಅಳಿಸಿದ್ದು' ಎಂಬ ಹೆಸರಿನ ಫೋಲ್ಡರ್ ಕಂಡಿತು.

"ಇದೇನು ಮಾವ? ಅಳಿಸಿದ್ದನ್ನ ಯಾರಾದ್ರೂ ಇಟ್ಕೋತಾರಾ?"

ಮಾವ ಕತ್ತು ತುರಿಸಿಕೊಂಡರು. ಬೇಡ ಅಂದರು. ಆಮೇಲೆ ತಾವೇ ತೆರೆದರು.

ಅದರ ತುಂಬ ಅತ್ತೆ. ಈ ಕೆಲಸ ಶುರುವಾದಂದಿನಿಂದ ಆರು ವರ್ಷಗಳ ಅತ್ತೆ. ಒಂದೊಂದು ಫೋಟೋದಿಂದ ಅವರನ್ನು ಅಳಿಸುವ ಮುಂಚೆ ಮಾವ ಅದರ ಒಂದು ಪ್ರತಿಯನ್ನು ಇಲ್ಲಿ ಎತ್ತಿಟ್ಟಿದ್ದರು. ಸ್ವೆಟರ್ ಹಾಕಿದ ಅತ್ತೆ, ಮಾಸ್ಕ್ ಕಟ್ಟಿದ ಅತ್ತೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತುದಿಗಾಲಲ್ಲಿ ನಿಂತ ಅತ್ತೆ. ಮೊದಲ ವರ್ಷದ ಕಪ್ಪು ಕೂದಲು ಫೋಲ್ಡರಿನಲ್ಲಿ ಕೆಳಗಿಳಿದಂತೆ ಬೆಳ್ಳಗಾಗುತ್ತಿತ್ತು. ಎಲ್ಲದರಲ್ಲೂ ಕತ್ತೆತ್ತಿ ದೀಪವನ್ನೇ ನೋಡುತ್ತಿದ್ದರು, ಮುಖದ ತುಂಬ ಬೆಳಕು, ಕಣ್ಣುಗಳು ಅಗಲವಾಗಿ ತೆರೆದಿದ್ದವು.

"ಕ್ಯಾಮೆರಾ ತೋರಿಸಿದ್ರೆ ಅವಳು ಅವಳಾಗಿರಲ್ಲ ಕಣೇ" ಎಂದರು ಮಾವ. "ಇಲ್ಲಿ ಅವಳಿಗೆ ಕ್ಯಾಮೆರಾ ನೆನಪೇ ಇಲ್ಲ."

"ಇದನ್ನ ಅತ್ತೆಗೆ ತೋರಿಸಿದೀರಾ?"

"ಇಲ್ಲ. ಇನ್ನೂ ಸರಿಯಾಗಿಲ್ಲ."

"ಇದರಲ್ಲಿ ಸರಿಯಾಗದೆ ಇರೋದು ಏನಿದೆ?"

"ಎಲ್ಲದ್ರಲ್ಲೂ ಕಾರು ಅಡ್ಡ ಇದೆ."

ನನಗೆ ಅವರನ್ನು ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಬೈದೆ. ಈ ಮನುಷ್ಯನಿಗೆ ಬೈಗುಳವೇ ಬೇಗ ಅರ್ಥವಾಗುತ್ತದೆ.

ಡಾಕ್ಟರ ಕಾರನ್ನು ಇನ್ನೊಮ್ಮೆ ತೆಗೆಯುವುದು ಹಾಗೇ ಬಾಕಿ ಇತ್ತು. ಒಂದು ವಾರವಾದ ಮೇಲೆ ಮಾವ ನನ್ನನ್ನು ಮನೆಗೆ ಕರೆದರು, ಒಬ್ಬರೇ ಎದುರಿಸಲು ಧೈರ್ಯವಿರಲಿಲ್ಲವೆಂದು ಕಾಣುತ್ತದೆ. ಅತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಮಾವ ಒಂದು ದೊಡ್ಡ ಫೋಟೋವನ್ನು ಅವರು ಹೊಲಿಯುತ್ತಿದ್ದ ರವಿಕೆಯ ಮೇಲೆಯೇ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಹೇರೋಹಳ್ಳಿಯ ಅದೇ ಬಯಲು, ಅದೇ ತಿಳಿನೀಲಿ ಆಕಾಶ. ಅದರಲ್ಲಿ ಹತ್ತೊಂಬತ್ತು ಅತ್ತೆಯರು! ಒಬ್ಬರು ನಿಂತು, ಒಬ್ಬರು ಬಗ್ಗಿ, ಒಬ್ಬರು ಮಂಡಿಯೂರಿ, ಎಲ್ಲರ ಕೈಯಲ್ಲೂ ದೀಪ, ಎಲ್ಲರ ಮುಖದಲ್ಲೂ ಬೆಳಕು. ನಡುವೆ ಖಾಲಿ ನೆಲ.

ಅತ್ತೆ ಹತ್ತೊಂಬತ್ತು ಮುಖಗಳ ಮೇಲೂ ಒಂದೊಂದಾಗಿ ಬೆರಳಾಡಿಸಿದರು.

"ಕಾರೆಲ್ಲಿ ರೀ?"

"ಅಳಿಸ್ದೆ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಮತ್ತೆ ಬಗ್ಗಿದರು. ಕಾರು ಇದ್ದ ಜಾಗದ ನಡುಮಧ್ಯೆ, ಹಿಂದೆ ಮುಂದೆ ಏನೂ ಇಲ್ಲದೆ, ಹಸಿರು ಬಳೆಯ ಕೈಯೊಂದು ಗಾಳಿಯಲ್ಲಿ ತೇಲುತ್ತಿತ್ತು.

"ಇದೇನಿದು ಅಸಹ್ಯ, ಹೀಗೆ ನೇತಾಡ್ತಾ ಇದೆ! ಇದನ್ನೂ ತೆಗೀಬೇಕಿತ್ತು."

"ಒಂದ್ಸಲ ತೆಗೆದು ಅನುಭವಿಸಿದ್ದೇ ಸಾಕು ಕಣೇ."

ಅತ್ತೆ ಸೆರಗಿನಿಂದ ಮೊದಲು ಫೋಟೋ ಒರೆಸಿದರು, ಆಮೇಲೆ ಕಣ್ಣು. ಫೋಟೋವನ್ನು ಎತ್ತಿ, ಕ್ಲಾಸಿಗೆ ಬರುವ ಹುಡುಗಿಯರಿಗೆಲ್ಲ ಕಾಣುವಂತೆ ಗೋಡೆಗೆ ಒರಗಿಸಿಟ್ಟರು. ಬಾಗಿಲ ಹಿಂದಿನಿಂದ ಹಳೆಯ ಕೋಲನ್ನು ತೆಗೆದು, ಅದರ ತುದಿಗೆ ಅಂಟಿದ್ದ ಬಲೆಯನ್ನು ಕೊಡವಿದರು.

"ಆ ಕೆಂಗೇರಿ ಡಾಕ್ಟರ್ ಕಾರಿಗೆ ಸಂಜೆ ಎಷ್ಟೊತ್ತಿಗೆ ಹೊರಡ್ಬೇಕು?"