ಕರುಳಿನ ಕಾವಲು ಮತ್ತು ಕಾಂತಾಬಾ

ಹೊಟ್ಟೆಯ ವಿಷಯದಲ್ಲಿ ನಮ್ಮಲ್ಲಿ ಎಲ್ಲರೂ ಪಂಡಿತರೇ, ನಾನಂತೂ ಮಹಾಪಂಡಿತ. ದಾವಣಗೆರೆಯಿಂದ ನೌಕರಿಗೆಂದು ಅಹಮದಾಬಾದಿಗೆ ಬಂದು ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಬಾಡಿಗೆ ಫ್ಲ್ಯಾಟು ಹಿಡಿದಿದ್ದೇನೆ. ಎದುರು ಮನೆಯಲ್ಲಿ ಕಾಂತಾಬಾ. ಮಗ, ಸೊಸೆ, ಮೊಮ್ಮಕ್ಕಳ ತುಂಬು ಸಂಸಾರ ಸಾಲದೆಂದು ನನ್ನನ್ನೂ ಸಾಕುವ ಹಂಬಲ ಅವರಿಗೆ. ‘ದೀಕರಾ’, ಅಂದರೆ ಮಗನೇ, ಎಂದೇ ಕರೆಯುವುದು; ನಾನೂ ಅವರನ್ನು ‘ಬಾ’, ಅಂದರೆ ಅಮ್ಮ, ಎನ್ನುತ್ತೇನೆ. ದಿನಾ ಬೆಳಿಗ್ಗೆ ಸ್ಟೀಲಿನ ಡಬ್ಬಿಯಲ್ಲಿ ಗೋಧಿ ಹಿಟ್ಟಿಗೆ ಮೆಂತ್ಯಸೊಪ್ಪು ಕಲಸಿ ಮಾಡಿದ ಥೇಪ್ಲಾ ಎಂಬ ಬಿಸಿ ಚಪಾತಿ ಬರುತ್ತಿತ್ತು. ಕೊಟ್ಟವರ ಪಾತ್ರೆ ಬರಿದಾಗಿ ಹಿಂದಿರುಗಬಾರದೆಂದು ನಮ್ಮಮ್ಮ ಕಲಿಸಿದ್ದರಿಂದ, ಅದೇ ಡಬ್ಬಿಯಲ್ಲಿ ನನ್ನ ಕೈಯಾರೆ ಮಾಡಿದ ಉಪ್ಪಿಟ್ಟು ಹೋಗುತ್ತಿತ್ತು.

ಹೀಗಿರುವಾಗ ನನ್ನ ಪ್ಯಾಂಟುಗಳೆಲ್ಲ ಸಡಿಲವಾದವು, ಹೊಟ್ಟೆನೋವು ಬಿಡದಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಗಂಟಲೊಳಗೆ ನಳಿಕೆ ಇಳಿಸಿ ನೋಡಿ, ಗೋಧಿ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಮೈಯಲ್ಲಿ ರಕ್ತವೇ ಆಗುವುದಿಲ್ಲ ಎಂದರು. ಕರುಳಿನ ಒಳಪದರದಲ್ಲಿ ರೋಗನಿರೋಧಕ ಕಣಗಳು ಕಾವಲು ಕೂತಿರುತ್ತವಂತೆ. ರೋಗಾಣು ಬಂದರೆ ತಡೆಯಬೇಕು, ಅನ್ನ ಬಂದರೆ ಸುಮ್ಮನೆ ಒಳಗೆ ಬಿಡಬೇಕು, ಅಲ್ಲೇ ಬೀಡುಬಿಟ್ಟಿರುವ ಉಪಕಾರಿ ಬ್ಯಾಕ್ಟೀರಿಯಾಗಳ ತಂಟೆಗೆ ಹೋಗಬಾರದು. ಪಾಪ, ಎಷ್ಟು ಸೂಕ್ಷ್ಮದ ಕೆಲಸ! ನಮ್ಮ ಸೊಸೈಟಿಯ ವಾಚ್‌ಮನ್ ಇಂದಿಗೂ ನನ್ನನ್ನು ತಡೆದು ಯಾರ ಮನೆಗೆ ಎಂದು ಕೇಳುತ್ತಾನೆ. ನನ್ನ ಸಣ್ಣ ಕರುಳಿನ ಕಾವಲಿನವರೂ ಅದೇ ಜಾತಿ. ಗೋಧಿ ಕಂಡೊಡನೆ ಕಳ್ಳ ಬಂದನೆಂದು ಹೊಡೆದಾಟಕ್ಕಿಳಿಯುತ್ತಾರೆ, ಆ ಗಲಾಟೆಯಲ್ಲಿ ಅನ್ನದ ಸತ್ವ ಹೀರುವ ಗೋಡೆಯೇ ಕಿತ್ತುಬರುತ್ತದೆ.

ಇದನ್ನೆಲ್ಲ ನನ್ನ ಮುರುಕು ಹಿಂದಿಯಲ್ಲಿ ಅಭಿನಯಸಹಿತ ಕಾಂತಾಬಾಗೆ ವಿವರಿಸಿದೆ. ತಮ್ಮ ಥೇಪ್ಲಾ ನನಗೆ ವಿಷವಂತೆ ಎಂಬುದಷ್ಟೇ ಅವರಿಗೆ ಅರ್ಥವಾಗಿ, ಮುಖ ಊದಿಸಿಕೊಂಡರು. ಡಬ್ಬಿ ನಿಂತಿತು. ನಿಜ ಹೇಳುತ್ತೇನೆ, ಹೊಟ್ಟೆನೋವಿಗಿಂತ ಆ ಸಂಕಟವೇ ಹೆಚ್ಚಾಯಿತು. ಫೋನಿನಲ್ಲಿ ಅಮ್ಮ, “ಗೋಧಿ ಬೇಡ ಅಂದ್ರೆ ಹೋಗ್ಲಿ ಬಿಡೋ, ಉಪ್ಪಿಟ್ಟಿಗೇನು ಬರ ಬಂದೈತಾ?” ಎಂದಳು. ಸರಿ, ಎರಡು ಹೊತ್ತೂ ಉಪ್ಪಿಟ್ಟು, ಭಾನುವಾರ ರವೆ ದೋಸೆ. ಮುನಿಸು ಇಳಿಯಲೆಂದು ಕಾಂತಾಬಾಗೂ ಒಯ್ದು ಕೊಡುತ್ತಿದ್ದೆ. ಮುನಿಸೂ ಇಳಿಯಲಿಲ್ಲ, ರಕ್ತವೂ ಏರಲಿಲ್ಲ.

ಒಂದು ದಿನ ನಾನು ಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಸಿದು ಕೂತಿದ್ದನ್ನು ಕಂಡದ್ದೇ ಕಾಂತಾಬಾ ಮುನಿಸೆಲ್ಲ ಮರೆತು, ಆಟೋ ಹತ್ತಿಸಿ ಡಾಕ್ಟರ ಹತ್ತಿರ ಕರೆದೊಯ್ದರು. ಇವನು ಥೇಪ್ಲಾ ಮುಟ್ಟಿಲ್ಲ, ಅದಕ್ಕೆ ನಾನೇ ಸಾಕ್ಷಿ ಎಂದರು. ಹಾಗಾದರೆ ಏನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು. ರವೆ ಉಪ್ಪಿಟ್ಟು ಎಂದೆ, ತುಸು ಹೆಮ್ಮೆಯಿಂದಲೇ.

ಡಾಕ್ಟರು ಪೆನ್ನು ಕೆಳಗಿಟ್ಟರು. “ರವೆಯನ್ನ ಯಾವುದರಿಂದ ಮಾಡ್ತಾರೆ?”

ರವೆ ರವೆಯಿಂದಲೇ ಆಗುತ್ತದೆಂದು ನಂಬಿ ಬೆಳೆದವನು ನಾನು. ಅದೂ ಗೋಧಿಯೇ ಎಂದು ತಿಳಿದಾಗ ನನ್ನ ಪಾಂಡಿತ್ಯ ಅಲ್ಲೇ ಮಣ್ಣುಪಾಲಾಯಿತು. ಚಪಾತಿ ಪರರದ್ದು, ಉಪ್ಪಿಟ್ಟು ನಮ್ಮದು ಎಂಬ ಅಭಿಮಾನ ಕರುಳಿನ ಕಣಗಳಿಗೆ ಎಳ್ಳಷ್ಟೂ ಇರಲಿಲ್ಲ. ಕಾಂತಾಬಾ ಆಟೋದಲ್ಲಿ ದಾರಿಯುದ್ದಕ್ಕೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಸಂಜೆ ಡಬ್ಬಿ ಬಂತು. ಅಕ್ಕಿ ಹಿಟ್ಟಿಗೆ ಜೀರಿಗೆ, ಹಸಿಮೆಣಸು ಹಾಕಿ ಬೇಯಿಸಿದ ಬಿಸಿಬಿಸಿ ಖೀಚು, ಮೇಲೆ ಕಡಲೆಕಾಯಿ ಎಣ್ಣೆ. ಎದುರು ಕೂತು ತಿನ್ನಿಸಿದರು. ನನಗೆ ಕಣ್ಣು ತುಂಬಿ ಬಂತು. ಡಬ್ಬಿ ತೊಳೆದು, ಇನ್ನು ಇದರಲ್ಲಿ ಏನು ತುಂಬಿ ಕೊಡಲಿ, ‘ಬಾ’, ಎಂದು ಕೇಳಿದೆ.

“ಖಾಲಿನೇ ಕೊಡು, ದೀಕರಾ,” ಎಂದರು ಕಾಂತಾಬಾ ಮೆಲ್ಲಗೆ. “ನಿನಗೆ ಬೇಜಾರಾಗಬಾರದು ಅಂತ ಇಷ್ಟು ದಿನ ಆ ಉಪ್ಪಿಟ್ಟು ಹೇಗೋ ನುಂಗಿದೆ.”

ನನ್ನ ಕರುಳಾದರೂ ಆ ಉಪ್ಪಿಟ್ಟು ಕಂಡು ರಂಪ ಮಾಡಿತ್ತು. ಅವರ ಕರುಳು ತುಟಿಪಿಟಿಕ್ಕೆನ್ನಲಿಲ್ಲ.