ನೂರು ಗ್ರಾಂ ಸುಣ್ಣ

ಆ ಭಾನುವಾರ ಬೆಳಿಗ್ಗೆ ರಸಾಯನಶಾಸ್ತ್ರದ ಮೇಷ್ಟ್ರು ಪೇಪರಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಕಾಣೆಯಾದವರ ಜಾಹೀರಾತನ್ನು ಎರಡೆರಡು ಸಲ ಓದಿದರೂ ಚಹಾ ಬರಲಿಲ್ಲ.

“ಏನೇ, ಚಹಾ ಮಾಡ್ತಿದ್ದೀಯೋ, ಗಿಡ ನೆಟ್ಟು ಬೆಳೆಸ್ತಿದ್ದೀಯೋ?” ಎಂದು ಕೂತಲ್ಲಿಂದಲೇ ಕೂಗಿದರು.

“ನೀವೇ ಬಂದು ನೋಡಿ. ಈ ಕೆಟಲ್ಲೂ ನಿಮ್ಮ ಹಾಗೇ ಆಗಿದೆ. ಕೆಳಗೆ ಎಷ್ಟು ಬೆಂಕಿ ಹಚ್ಚಿದ್ರೂ ಬಿಸಿ ತಟ್ಟಲ್ಲ,” ಎಂದಳು ಹೆಂಡತಿ ಅಡುಗೆಮನೆಯಿಂದ.

ಮೇಷ್ಟ್ರು ಹೋಗಿ ಮುಚ್ಚಳ ತೆಗೆದು ಇಣುಕಿದರು. ಜನ್ಮದಲ್ಲಿ ಹಲ್ಲುಜ್ಜದವನ ಬಾಯಿಯ ಹಾಗೆ, ಕೆಟಲಿನ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿತ್ತು. ನೀರಿನಲ್ಲಿದ್ದ ಸುಣ್ಣವೆಲ್ಲ ಅಲ್ಲೇ ಮನೆ ಮಾಡಿಕೊಂಡಿತ್ತು.

“ಸಂಜೆ ಅಮ್ಮ ಬರ್ತಾರೆ,” ಎಂದಳು ಹೆಂಡತಿ. “ಈಗಲೇ ನೀರಿಟ್ರೆ ಅವರು ವಾಪಸ್ ಹೊರಡೋ ಹೊತ್ತಿಗೆ ಚಹಾ ಆಗಬಹುದು. ಹೊಸದೊಂದು ತಂದುಬಿಡಿ ಅಂದ್ರೆ ಕೇಳಲ್ಲ ನೀವು.”

“ಹೊಸದಾ? ಇದು ಅತ್ತೆ ಕೊಟ್ಟ ಕೆಟಲ್ ಕಣೇ!”

ಅದೇ ಕಷ್ಟ. ಅತ್ತೆ ಬಂದಾಗಲೆಲ್ಲ ಮೊದಲು ಕೆಟಲ್ ಹೇಗಿದೆ ಎಂದು ಕೇಳಿ, ಆಮೇಲೆ ಅಳಿಯ ಹೇಗಿದ್ದಾನೆ ಎಂದು ಕೇಳುವವರು. ಅದನ್ನು ಮೂಲೆಗಿಟ್ಟರೆ ಅಳಿಯನನ್ನೂ ಅದರ ಪಕ್ಕದಲ್ಲೇ ಇಡುವರೆಂಬ ಭಯ ಮೇಷ್ಟ್ರಿಗೆ ಮೊದಲಿನಿಂದಲೂ ಇತ್ತು.

“ಇದು ಬರೀ ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್ ಹಾಕಿದ್ರೆ ಕರಗಿ ಹೋಗುತ್ತೆ.”

“ಹಾಗಾದ್ರೆ ಹಾಕಿ.”

“ಸುಮ್ಮನೆ ಸುರಿಯೋಕೆ ಇದೇನು ಗೊಬ್ಬರವೇ? ಸುಣ್ಣ ಎಷ್ಟಿದೆ, ಅದಕ್ಕೆ ಆಮ್ಲ ಎಷ್ಟು ಬೇಕು, ಎಲ್ಲಾ ಲೆಕ್ಕ ಹಾಕಬೇಕು. ಪುಟ್ಟೀ, ಬಾ ಇಲ್ಲಿ!”

ಮಗಳು ಹತ್ತನೇ ತರಗತಿ. ಶಾಲೆಯಲ್ಲಿ ಅಪ್ಪನೇ ಮೇಷ್ಟ್ರು. ಸಮೀಕರಣದ ಎಡಗಡೆ ಎಷ್ಟು ಪರಮಾಣು ಇದೆಯೋ ಬಲಗಡೆಯೂ ಅಷ್ಟೇ ಇರಬೇಕು, ಮೊದಲು ಅದನ್ನು ಸರಿದೂಗಿಸಿ ಆಮೇಲೆ ಲೆಕ್ಕಕ್ಕೆ ಕೈ ಹಾಕಿ ಎಂದು ಅವರು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೆಂದರೆ, ಹುಡುಗರು ಅವರಿಗೆ ‘ಬ್ಯಾಲೆನ್ಸ್ ಮೇಷ್ಟ್ರು’ ಎಂದೇ ಹೆಸರಿಟ್ಟಿದ್ದರು. ಈ ಮೋಲು, ಗ್ರಾಮುಗಳ ಕಾಟ ತಡೆಯಲಾರದೆ ಮಗಳು, ಮುಂದಿನ ವರ್ಷ ತಾನು ಕಾಮರ್ಸ್ ತಗೊಳ್ಳುವವಳೆಂದು ಹಿಂದಿನ ರಾತ್ರಿಯಷ್ಟೇ ಘೋಷಿಸಿದ್ದಳು. ಅದು ಮೇಷ್ಟ್ರ ಎದೆಗೆ ಚುಚ್ಚಿತ್ತು.

“ಈ ಲೆಕ್ಕದಿಂದ ಯಾರಿಗೆ ಏನು ಉಪಯೋಗ ಅಂದೆಯಲ್ಲ? ಇವತ್ತು ಸಂಜೆಯೊಳಗೆ ನಿನ್ನ ಅಜ್ಜಿಗೆ ಹೊಳೆಯೋ ಕೆಟಲಲ್ಲಿ ಚಹಾ ಕೊಡ್ತೀನಿ, ನೋಡ್ತಿರು!” ಎಂದು ಹೇಳಿ ಕೆಟಲ್ ಬಗಲಿಗೆ ಸಿಕ್ಕಿಸಿಕೊಂಡು ಮೂಲೆಯ ಅಂಗಡಿಗೆ ನಡೆದರು.

ಅಂಗಡಿಯಲ್ಲಿ ಅದೇ ಕಂಪನಿಯ, ಅದೇ ಅಳತೆಯ ಹೊಸ ಅಲ್ಯೂಮಿನಿಯಂ ಕೆಟಲ್ ನೇತಾಡುತ್ತಿತ್ತು. ಮೇಷ್ಟ್ರು ಅದನ್ನು ಇಳಿಸಲು ಹೇಳಿದಾಗ ಅಂಗಡಿಯವರ ಮುಖ ಅರಳಿತು. ತಕ್ಕಡಿಯ ಮೇಲಿಡಲು ಹೇಳಿದಾಗ ಅರಳಿದ ಮುಖ ಅಲ್ಲೇ ನಿಂತಿತು. ಹೊಸದನ್ನು ತೂಗಿ, ಹಳೆಯದನ್ನು ತೂಗಿ, ಕಳೆದು ನೋಡಿದರೆ ಹಳೆಯದು ಸರಿಯಾಗಿ ನೂರು ಗ್ರಾಂ ಹೆಚ್ಚು.

“ನೂರು ಗ್ರಾಂ ಸುಣ್ಣ ಅಂದ್ರೆ ಒಂದು ಮೋಲ್!” ಎಂದು ಮೇಷ್ಟ್ರು ಕುಣಿದುಬಿಟ್ಟರು.

“ಮೋಲ್ ಕಂಪನಿದು ನಾವು ಇಡಲ್ಲ ಮೇಷ್ಟ್ರೆ. ಇದೇ ಒಳ್ಳೇ ಮಾಲು,” ಎಂದರು ಅಂಗಡಿಯವರು.

ಮೇಷ್ಟ್ರು ಎರಡು ಬಾಟಲಿ ವಿನೆಗರ್ ತಗೊಂಡು, ಹೊಸ ಕೆಟಲನ್ನು ಅದರ ಮೊಳೆಗೇ ತೂಗುಹಾಕಿ ಬಂದರು. ದಾರಿಯಲ್ಲೇ ಮನಸ್ಸಿನಲ್ಲಿ ಲೆಕ್ಕ ಮುಗಿದಿತ್ತು. ನೂರು ಗ್ರಾಂ ಸುಣ್ಣಕ್ಕೆ ಅರವತ್ತು ಗ್ರಾಂ ಅಸಿಟಿಕ್ ಆಮ್ಲ. ವಿನೆಗರಿನಲ್ಲಿ ಆಮ್ಲ ನೂರಕ್ಕೆ ಐದು ಪಾಲು. ಆರುನೂರು ಎಂಎಲ್ ಬಾಟಲಿಗಳು ಎರಡಾದರೆ ಸರಿಯಾಯಿತು.

ಅಡುಗೆಮನೆಯ ಕಿಟಕಿಯ ಬಳಿ ಕೆಟಲ್ ಇಟ್ಟು ಎರಡು ಬಾಟಲಿಯನ್ನೂ ಸುರಿದರು. ಸುಣ್ಣ ಬುಸ್ಸೆಂದು ನೊರೆಯುಗುಳಿತು. ಮಗಳು ಮೂಗು ಮುಚ್ಚಿಕೊಂಡೇ ಬಗ್ಗಿ ನೋಡಿದಳು. ಅವಳು ನೋಡಿದ್ದು ಕಂಡು ಮೇಷ್ಟ್ರಿಗೆ ಹುರುಪು ಬಂತು. ತರಗತಿಯಲ್ಲಿ ಕೊನೆಯ ಬೆಂಚಿಗೂ ಮುಟ್ಟುವ ಗಂಟಲಿನಲ್ಲಿ ಹೇಳಿದರು:

“ನೋಡು! ಪೂರ್ತಿ ಕರಗೋ ಹೊತ್ತಿಗೆ ಇಪ್ಪತ್ತನಾಲ್ಕು ಲೀಟರ್ ಗ್ಯಾಸ್ ಹೊರಗೆ ಬರುತ್ತೆ! ತಡೆಯೋಕೆ ಯಾರಿಂದಲೂ ಆಗಲ್ಲ!”

ಕೆಳಗಿನ ಮನೆಯಾಕೆ ಆ ಹೊತ್ತಿಗೆ ತನ್ನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕಿವಿಗೆ ಬಿದ್ದದ್ದನ್ನು ಒಂದಕ್ಕೆ ನಾಲ್ಕಾಗಿ ಹಂಚುವ ಆಕೆಗೆ ಕಟ್ಟಡದವರೆಲ್ಲ ‘ವಾರ್ತೆಯಮ್ಮ’ ಎನ್ನುತ್ತಿದ್ದರು. ಕೈಯಲ್ಲಿದ್ದ ಒದ್ದೆ ದಿಂಬಿನ ಕವರನ್ನು ಅಲ್ಲೇ ಬಿಟ್ಟು, “ಮೇಷ್ಟ್ರ ಮನೇಲಿ ಗ್ಯಾಸ್ ಸೋರ್ತಿದೆ! ಸಿಲಿಂಡರ್ ಸಿಡಿಯುತ್ತೆ! ಓಡಿ!” ಎಂದು ಮೆಟ್ಟಿಲಿಳಿಯುತ್ತ ಪ್ರತಿ ಬಾಗಿಲನ್ನೂ ಬಡಿದಳು.

ಮೇಷ್ಟ್ರು ಗದ್ದಲ ಕೇಳಿ ಕೆಳಗೆ ಬರುವಷ್ಟರಲ್ಲಿ ಇಡೀ ಕಟ್ಟಡ ಬೀದಿಯಲ್ಲಿ ನಿಂತಿತ್ತು. ಒಬ್ಬರು ಮಗು ಎತ್ತಿಕೊಂಡು ಬಂದಿದ್ದರು, ಒಬ್ಬರು ಟೀವಿ ಎತ್ತಿಕೊಂಡು ಬಂದಿದ್ದರು. ಮೂರನೇ ಮಹಡಿಯ ಬೇಕರಿಯವರು ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಬಂದಿದ್ದರು. ಇನ್ನರ್ಧ ಕ್ಷೌರ ಆಗಿತ್ತು.

“ಅಯ್ಯೋ, ಅದು ಆ ಗ್ಯಾಸ್ ಅಲ್ಲ! ಸೋಡಾ ಬಾಟಲಿ ತೆಗೆದಾಗ ಬರುತ್ತಲ್ಲ, ಅದು!” ಎಂದು ಮೇಷ್ಟ್ರು ಕೈ ಮುಗಿದರು.

“ಸೋಡಾ ಮಾಡೋಕೆ ನಮ್ಮನ್ನೆಲ್ಲ ಬೀದಿಗೆ ತಂದ್ರಾ?” ಎಂದರು ಟೀವಿ ಹೊತ್ತವರು, ತೋಳು ನೋವಿನಿಂದ.

ನಡುರಸ್ತೆಯಲ್ಲಿ ನಿಂತು ಮೇಷ್ಟ್ರು ಸುಣ್ಣ, ಆಮ್ಲ, ಕಾರ್ಬನ್ ಡೈಆಕ್ಸೈಡ್ ಎಲ್ಲವನ್ನೂ ವಿವರಿಸಿದರು. ಅಷ್ಟು ಗಮನವಿಟ್ಟು ಅವರ ಪಾಠ ಯಾರೂ ಯಾವತ್ತೂ ಕೇಳಿರಲಿಲ್ಲ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಮನೆಗೆ ಹೋಗಬೇಕಲ್ಲ, ಹೋಗಲಿಲ್ಲ. ಕೆಟಲ್ ನೋಡಿಯೇ ಹೋಗುತ್ತೇವೆಂದು ಅರ್ಧ ಜನ ಮೇಷ್ಟ್ರ ಹಿಂದೆಯೇ ಮೆಟ್ಟಿಲು ಹತ್ತಿದರು.

ಅಡುಗೆಮನೆಯಲ್ಲಿ ಬುಸ್ಸೆನ್ನುವ ಸದ್ದು ನಿಂತುಹೋಗಿತ್ತು. ಮೇಷ್ಟ್ರು ಎಲ್ಲರೆದುರು ಗತ್ತಿನಿಂದ ಕೆಟಲ್ ಬಗ್ಗಿಸಿ ನೀರು ಚೆಲ್ಲಿದರು. ಒಳಗೆ ಅರ್ಧ ಸುಣ್ಣ ಹಾಗೇ ಕೂತಿತ್ತು. ಬೇಕರಿಯವರ ಗಡ್ಡದ ಹಾಗೆ, ಅರ್ಧ ನುಣ್ಣಗೆ, ಅರ್ಧ ಬಿಳುಪು.

“ಲೆಕ್ಕ ತಪ್ಪೋಕೆ ಸಾಧ್ಯವೇ ಇಲ್ಲ,” ಎಂದು ಮೇಷ್ಟ್ರು ತಲೆ ಕೆರೆದುಕೊಂಡರು.

ಮಗಳು ಒಂದು ಕಾಗದದ ಚೂರಿನಲ್ಲಿ ಸಮೀಕರಣ ಬರೆದು ಎರಡೂ ಕಡೆಯ ಪರಮಾಣುಗಳನ್ನು ಬೆರಳಲ್ಲಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಅವಳ ತುಟಿ ನಿಧಾನವಾಗಿ ಕಿವಿಯ ಕಡೆಗೆ ಹೊರಟಿತು.

“ಅಪ್ಪಾ... ನೀನು ಬ್ಯಾಲೆನ್ಸ್ ಮಾಡ್ಲೇ ಇಲ್ಲ.”

“ಏನು?”

“ಒಂದು ಮೋಲ್ ಸುಣ್ಣಕ್ಕೆ ಆಮ್ಲ ಎರಡು ಮೋಲ್ ಬೇಕು. ಆಮ್ಲದ ಮುಂದೆ ಎರಡು ಅಂತ ಹಾಕ್ಬೇಕಿತ್ತು. ಅರವತ್ತಲ್ಲ, ನೂರ ಇಪ್ಪತ್ತು ಗ್ರಾಂ.”

ಆ ಒಂದು ‘ಎರಡು’ ಮರೆತದ್ದಕ್ಕಾಗಿ ತಾವು ಇಷ್ಟು ವರ್ಷದಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗರೆಲ್ಲ ಮೇಷ್ಟ್ರ ಕಣ್ಣಮುಂದೆ ಸಾಲಾಗಿ ಬಂದು ಹೋದರು. “ನಿನ್ನನ್ನ ಪರೀಕ್ಷೆ ಮಾಡೋಣ ಅಂತಲೇ ಬಿಟ್ಟಿದ್ದೆ,” ಎಂದರು. ಹೆಂಡತಿ ಕೆಮ್ಮಿದಳು. ಮೇಷ್ಟ್ರು ಚೀಲ ತಗೊಂಡು ಮತ್ತೆ ಅಂಗಡಿಗೆ ಹೊರಟರು.

“ಮನೇಲಿ ಏನಾದ್ರೂ ದೊಡ್ಡ ಸಮಾರಂಭವೇ?” ಎಂದು ಅಂಗಡಿಯವರು ಇನ್ನೆರಡು ಬಾಟಲಿ ಕೊಟ್ಟರು.

ಮರಳಿ ಬಂದು, ವಿನೆಗರ್ ಸುರಿದು, ಇನ್ನು ಯಾರೂ ಮುಟ್ಟಬಾರದು ಎಂದು ಹೇಳಿ ಮೇಷ್ಟ್ರು ಮುಖ ತೊಳೆಯಲು ಹೋದರು. ಹೋದದ್ದೇ ತಪ್ಪಾಯಿತು. ಬೇಕರಿಯವರು ಅಷ್ಟರಲ್ಲಿ ಮೇಲಿನ ತಮ್ಮ ಮನೆಗೆ ಹೋಗಿ, ಉಳಿದರ್ಧ ಕ್ಷೌರ ಬಿಟ್ಟು, ಅಡುಗೆ ಸೋಡಾ ತಂದಿದ್ದರು.

“ಮೇಷ್ಟ್ರು ಓದಿದವರು, ನಿಧಾನ. ಕೇಕ್ ಆಗಲಿ ಕೆಟಲ್ ಆಗಲಿ, ಸೋಡಾ ಬಿದ್ರೆ ಎದ್ದು ನಿಲ್ಲುತ್ತೆ,” ಎನ್ನುತ್ತ ಅರ್ಧ ಪೊಟ್ಟಣ ಸುರಿದೇಬಿಟ್ಟರು.

ಎದ್ದು ನಿಂತಿತು. ಬಿಳಿ ನೊರೆ ಕೆಟಲಿನ ಬಾಯಿಂದ, ಮೂತಿಯಿಂದ ಉಕ್ಕಿ, ಕಟ್ಟೆಯಿಂದ ಇಳಿದು, ಬೇಕರಿಯವರ ಚಪ್ಪಲಿ ಮುಳುಗಿಸಿ, ಪಕ್ಕದ ಕೋಣೆಯ ದಾರಿ ಹಿಡಿಯಿತು. ವಾರ್ತೆಯಮ್ಮ ಕುರ್ಚಿ ಹತ್ತಿ ನಿಂತು, “ನಾನು ಬೆಳಿಗ್ಗೆಯೇ ಹೇಳಿದ್ದೆ!” ಎಂದಳು.

“ಏನು ಮಾಡಿಬಿಟ್ರಿ ಸ್ವಾಮಿ!” ಮೇಷ್ಟ್ರು ಮುಖದ ನೀರೂ ಒರೆಸದೆ ಓಡಿಬಂದರು. “ಸುಣ್ಣಕ್ಕೆ ಹಾಕಿದ ಆಮ್ಲವನ್ನೆಲ್ಲ ನಿಮ್ಮ ಸೋಡಾ ತಿಂದುಹಾಕ್ತು!”

“ಎಲ್ಲಾ ತಿಂದಿಲ್ಲಪ್ಪಾ,” ಎಂದಳು ಮಗಳು. ಅವಳು ಆಗಲೇ ಪೊಟ್ಟಣದ ಮೇಲಿನ ತೂಕ ಓದಿ ಬರೆಯುತ್ತ ಕೂತಿದ್ದಳು. “ಇವರು ಹಾಕಿದ್ದು ಹತ್ತಿರ ಹತ್ತಿರ ನಲವತ್ತೆರಡು ಗ್ರಾಂ, ಅಂದ್ರೆ ಅರ್ಧ ಮೋಲ್. ಸೋಡಾಕ್ಕೂ ಆಮ್ಲಕ್ಕೂ ಒಂದಕ್ಕೊಂದು. ಹಾಳಾಗಿದ್ದು ಮೂವತ್ತು ಗ್ರಾಂ ಆಮ್ಲ. ಇನ್ನೊಂದೇ ಒಂದು ಬಾಟಲಿ ಸಾಕು. ಈ ಸಲ ನಾನೇ ಬ್ಯಾಲೆನ್ಸ್ ಮಾಡಿದೀನಿ.”

ನೆಲದ ಮೇಲೆ ಕಣಕಾಲು ಮುಳುಗುವ ನೊರೆಯಲ್ಲಿ ನಿಂತಿದ್ದರೂ ಮೇಷ್ಟ್ರ ಎದೆ ಉಬ್ಬಿತು. ಐದನೇ ಬಾಟಲಿಗೆ ಹೋದಾಗ ಅಂಗಡಿಯವರು ಮರುಕದಿಂದ ನೋಡುತ್ತ ಕೊಟ್ಟರು.

ಸಂಜೆಯ ಹೊತ್ತಿಗೆ ಮೇಷ್ಟ್ರು ಕೆಟಲ್ ಬಗ್ಗಿಸಿ ಚೆಲ್ಲಿ, ತಳದಲ್ಲಿ ಉಳಿದಿದ್ದ ಕೊನೆಯ ಹರಳನ್ನು ಬೆರಳಲ್ಲಿ ಉಜ್ಜಿ ತೆಗೆದರು. ಒಳಗೆ ಮುಖ ಕಾಣುವಷ್ಟು ಹೊಳಪು. ನೆರೆಯವರೆಲ್ಲ ಸರದಿಯಲ್ಲಿ ಇಣುಕಿ ತಮ್ಮ ತಮ್ಮ ಮುಖ ನೋಡಿಕೊಂಡರು. ಬೇಕರಿಯವರು ಕ್ಷೌರ ಬಾಕಿಯಿದ್ದದ್ದು ಆಗಲೇ ಗೊತ್ತಾಗಿ ಮನೆಗೆ ಓಡಿದರು. ಅಷ್ಟು ಹೊತ್ತಿಗೆ ಅತ್ತೆ ಬಂದರು.

“ಕೆಟಲ್ ಹೇಗಿದೆ?” ಎಂದರು ಒಳಗೆ ಕಾಲಿಡುತ್ತಲೇ.

“ನೀವೇ ನೋಡಿ ಅತ್ತೆ! ಅಂಗಡಿಯಿಂದ ಈಗ ತಂದ ಹಾಗಿದೆ!” ಮೇಷ್ಟ್ರು ನೀರು ತುಂಬಿ, ಒಲೆ ಹಚ್ಚಿ, ಕೈಕಟ್ಟಿ ನಿಂತರು. ಹೆಂಡತಿ ಎಂಟು ಕಪ್ಪು ತೊಳೆದಿಟ್ಟಳು.

ಚುಂಯ್ ಎಂದಿತು. ಒಲೆ ಆರಿತು. ಮೇಷ್ಟ್ರು ಮತ್ತೆ ಹಚ್ಚಿದರು. ಮತ್ತೆ ಚುಂಯ್. ಕೆಟಲ್ ಎತ್ತಿ ನೋಡಿದರೆ ತಳದಿಂದ ಸಣ್ಣ ದಾರದ ಹಾಗೆ ನೀರು ಇಳಿಯುತ್ತಿತ್ತು. ನೀರು ಚೆಲ್ಲಿ ಬೆಳಕಿಗೆ ಹಿಡಿದರೆ ತಳದಲ್ಲಿ ಮುದ್ದಾದ ಒಂದು ತೂತು.

“ಆಮ್ಲ ಹೆಚ್ಚಾಯ್ತೇನೋ,” ಎಂದು ಯಾರೋ ಪಿಸುಗುಟ್ಟಿದರು.

“ಒಂದು ಗ್ರಾಮೂ ಹೆಚ್ಚಾಗಿಲ್ಲ!” ಎಂದು ಮಗಳು ಸಿಡಿದಳು. ಮೇಷ್ಟ್ರು ಅತ್ತೆಯ ಮುಖ ನೋಡುವ ಧೈರ್ಯವಿಲ್ಲದೆ ತೂತಿನಲ್ಲೇ ಕಣ್ಣಿಟ್ಟು ನಿಂತರು.

ಅತ್ತೆ ಕೆಟಲನ್ನು ಕೈಗೆ ತಗೊಂಡು, ತೂತಿನ ಮೇಲೆ ಬೆರಳಾಡಿಸಿ, ಹಳೇ ಗೆಳತಿ ಸಿಕ್ಕ ಹಾಗೆ ನಕ್ಕರು.

“ಇದು ಅದೇ ತೂತು! ಇನ್ನೂ ಇದೆಯಲ್ಲ!”

“ಅದೇ ತೂತಾ?”

“ಹೂಂ ಅಳಿಯಂದಿರೇ. ನಮ್ಮನೇಲಿದ್ದಾಗಲೇ ಸೋರ್ತಿತ್ತು. ಬಿಸಾಡೋಣ ಅಂತಿದ್ದೆ. ಅಷ್ಟರಲ್ಲಿ ಒಳಗೆ ಸುಣ್ಣ ಕಟ್ಟಿ ತಾನಾಗೇ ವಾಸಿಯಾಯ್ತು. ಬಿಸಾಡೋಕೆ ಮನಸ್ಸು ಬರಲಿಲ್ಲ, ನಿಮಗೆ ಕೊಟ್ಟೆ. ಸುಣ್ಣ ಹಿಡಿದುಕೊಂಡಿದೆಯಾ ಇಲ್ವಾ ಅನ್ನೋ ಭಯಕ್ಕೇ ಬಂದಾಗಲೆಲ್ಲ ಕೇಳ್ತಿದ್ದೆ!”

ಹೆಂಡತಿ ನಗು ತಡೆಯಲಾರದೆ ಕಟ್ಟೆ ಹಿಡಿದುಕೊಂಡಳು. ಮಗಳು ನೆಲದ ಮೇಲೇ ಕೂತುಬಿಟ್ಟಳು. ಕೊನೆಗೆ ಮೇಷ್ಟ್ರಿಗೂ ನಗು ಬಂತು. ಚಹಾ ಪಾತ್ರೆಯಲ್ಲಿ ಆಯಿತು, ಅದೂ ಎರಡೇ ನಿಮಿಷದಲ್ಲಿ. ಎಲ್ಲರೂ ಎರಡೆರಡು ಕಪ್ಪು ಕುಡಿದರು. ಕುಡಿದಾದ ಮೇಲೆ ಹೆಂಡತಿ ತಾಯಿಯ ಕೈ ಹಿಡಿದುಕೊಂಡು ಹೊಸ ಕೆಟಲ್ ಆರಿಸಲು ಹೊರಟಳು. ಅವಳು ಅಷ್ಟು ಲಗುಬಗೆಯಿಂದ ಮೆಟ್ಟಿಲಿಳಿದದ್ದನ್ನು ಮೇಷ್ಟ್ರು ಇತ್ತೀಚೆಗೆ ನೋಡಿರಲಿಲ್ಲ.

ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಯಾರೋ ಮೆಲ್ಲಗೆ ತಟ್ಟಿದರು. ತೆಗೆದರೆ ವಾರ್ತೆಯಮ್ಮ. ಬಗಲಲ್ಲಿ ತನ್ನ ಮನೆಯ ಮಸಿಗಟ್ಟಿದ ಕೆಟಲ್. ಅವಳ ಹಿಂದೆ, ಮೆಟ್ಟಿಲ ಉದ್ದಕ್ಕೂ, ಕೆಟಲ್ ಹಿಡಿದ ಇನ್ನಷ್ಟು ಹೆಂಗಸರು.

ಮೇಷ್ಟ್ರ ಮುಖದಲ್ಲಿ ಜೀವ ಬಂತು. “ಸುಣ್ಣ ತೆಗೆಸೋಕಾ? ಬನ್ನಿ, ಬನ್ನಿ. ಒಂದು ತೊಟ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ, ಲೆಕ್ಕ ಹಾಕಿ ತೆಗೆದುಕೊಡ್ತೀನಿ.”

ಜನ್ಮದಲ್ಲೇ ಮೊದಲ ಸಲ ವಾರ್ತೆಯಮ್ಮ ದನಿ ತಗ್ಗಿಸಿದಳು.

“ಸುಣ್ಣ ಹೋದ್ರೂ ಸರಿ, ಇದ್ರೂ ಸರಿ ಮೇಷ್ಟ್ರೆ. ಹೊಸದು ತನ್ನಿ ಅಂದ್ರೆ ನಮ್ಮ ಗಂಡಸರು ಯಾರೂ ಕಿವಿಗೇ ಹಾಕ್ಕೊಳ್ಳಲ್ಲ. ನಿಮ್ಮ ಲೆಕ್ಕದಲ್ಲಿ ನಮ್ಮದಕ್ಕೂ ಒಂದೊಂದು ತೂತು ಬೀಳೋ ಹಾಗೆ ಮಾಡಿಕೊಡಿ.”